ವೈಪರ್ ಕಂಡುಹಿಡಿದ ಮೇರಿ ಆಂಡರ್ಸನ್: ನಾವು ಕೇಳಿದ ಕಥೆಯಲ್ಲಿ ನಿಜವೆಷ್ಟು?

ಮಳೆ ಶುರುವಾದ ತಕ್ಷಣ ಕಾರಿನಲ್ಲಿ ಕುಳಿತವರು ಮಾಡುವ ಮೊದಲ ಕೆಲಸ ವೈಪರ್ ಹಾಕುವುದು. ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ಬೆರಳಿನಿಂದ ತಳ್ಳಿದರೆ ಸಾಕು, ಎರಡು ರಬ್ಬರ್ ಪಟ್ಟಿಗಳು ಅತ್ತಿಂದಿತ್ತ ಓಡಾಡಿ ರಸ್ತೆಯನ್ನು ಮತ್ತೆ ಕಣ್ಣಿಗೆ ಕಾಣಿಸುತ್ತವೆ. ಇದನ್ನು ಕಂಡುಹಿಡಿದವರು ಯಾರು ಎಂದು ಹುಡುಕಿದರೆ ಬರುವ ಹೆಸರು ಅಮೆರಿಕದ ಮೇರಿ ಆಂಡರ್ಸನ್.

ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುವ ಅವರ ಕಥೆ ಸಾಮಾನ್ಯವಾಗಿ ನಾಲ್ಕೇ ಸಾಲಿನದು. ಜಗತ್ತಿನಲ್ಲಿ ಮೊಟ್ಟಮೊದಲು ವೈಪರ್ ಕಂಡುಹಿಡಿದವರು ಅವರೇ, ಅದನ್ನು ಮಾಡಿದ್ದು ಕಾರುಗಳಿಗಾಗಿ, ಕಾರು ಕಂಪನಿಗಳು ಅವರ ಐಡಿಯಾವನ್ನು ಕದ್ದವು, ಪೇಟೆಂಟನ್ನು ನವೀಕರಿಸಲು ಮರೆತದ್ದರಿಂದ ಅವರಿಗೆ ಹಣ ಸಿಗಲಿಲ್ಲ. ಓದಿದರೆ ಅಯ್ಯೋ ಅನಿಸುತ್ತದೆ, ನಾವೂ ನಾಲ್ಕು ಜನರಿಗೆ ಕಳಿಸುತ್ತೇವೆ. ಆದರೆ ಈ ನಾಲ್ಕು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ನಿಜವಾದ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಅದನ್ನು ಒಂದೊಂದಾಗಿ ನೋಡೋಣ. ಕೊನೆಯಲ್ಲಿ, ನಮ್ಮ ಕಾರಿನ ವೈಪರ್ ಬ್ಲೇಡ್ ಯಾಕೆ ಹಾಳಾಗುತ್ತದೆ, ಅದನ್ನು ಯಾವಾಗ ಬದಲಿಸಬೇಕು ಎಂಬುದನ್ನೂ ತಿಳಿಯೋಣ.

ಅಲಬಾಮಾದ ಹುಡುಗಿ

ಮೇರಿ ಆಂಡರ್ಸನ್ ಹುಟ್ಟಿದ್ದು 1866ರ ಫೆಬ್ರವರಿ 19ರಂದು, ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ಗ್ರೀನ್ ಕೌಂಟಿಯಲ್ಲಿ. ಅಮೆರಿಕದ ಅಂತರ್ಯುದ್ಧ ಮುಗಿದು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ. ಅವರ ಕುಟುಂಬ ದೊಡ್ಡ ಜಮೀನು ಹೊಂದಿದ್ದ ಕುಟುಂಬ. ಆದರೆ ಮೇರಿಗೆ ನಾಲ್ಕು ವರ್ಷವಾಗಿದ್ದಾಗ, 1870ರಲ್ಲಿ, ತಂದೆ ತೀರಿಕೊಂಡರು. ಆಮೇಲೆ ತಾಯಿ ರೆಬೆಕ್ಕಾ, ಸಹೋದರಿ ಫ್ಯಾನಿ ಮತ್ತು ಮೇರಿ ತಂದೆ ಬಿಟ್ಟುಹೋದ ಆಸ್ತಿಯ ಆದಾಯದಲ್ಲಿ ಬದುಕಿದರು.

1889ರಲ್ಲಿ ಮೂವರೂ ಬರ್ಮಿಂಗ್‌ಹ್ಯಾಮ್‌ಗೆ ಬಂದರು. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಲ್ಲ, ಅಲಬಾಮಾದಲ್ಲೇ ಇರುವ ಅದೇ ಹೆಸರಿನ ಊರು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿಂದಾಗಿ ಆಗ ಬೇಗ ಬೇಗ ಬೆಳೆಯುತ್ತಿದ್ದ ಊರು ಅದು. ಅಲ್ಲಿನ ಹೈಲ್ಯಾಂಡ್ ಅವೆನ್ಯೂದಲ್ಲಿ ಮೇರಿ ಫೇರ್‌ಮಾಂಟ್ ಎಂಬ ಅಪಾರ್ಟ್‌ಮೆಂಟ್ ಕಟ್ಟಿಸಿದರು. ನಾಲ್ಕು ವರ್ಷದ ನಂತರ, 1893ರಲ್ಲಿ, ದೇಶದ ಇನ್ನೊಂದು ತುದಿಯಲ್ಲಿರುವ ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಹೋಗಿ, ದನಗಳನ್ನು ಸಾಕುವ ರ‍್ಯಾಂಚ್ ಮತ್ತು ದ್ರಾಕ್ಷಿ ತೋಟ ನಡೆಸಿದರು. 1898ರಲ್ಲಿ, ಕಾಯಿಲೆ ಬಿದ್ದ ಚಿಕ್ಕಮ್ಮನೊಬ್ಬರನ್ನು ನೋಡಿಕೊಳ್ಳಲು ಬರ್ಮಿಂಗ್‌ಹ್ಯಾಮ್‌ಗೆ ಮರಳಿದರು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಮೇರಿ ಎಂಜಿನಿಯರ್ ಅಲ್ಲ, ಯಂತ್ರಗಳ ಜೊತೆ ಕೆಲಸ ಮಾಡಿದವರೂ ಅಲ್ಲ. ಅವರು ಕಟ್ಟಡ, ತೋಟ, ದನ, ಬಾಡಿಗೆಯ ಲೆಕ್ಕ ನೋಡಿಕೊಂಡಿದ್ದ ಮಹಿಳೆ. ಎದುರಿಗೆ ಒಂದು ತೊಂದರೆ ಕಂಡರೆ ಅದಕ್ಕೊಂದು ವ್ಯವಸ್ಥೆ ಮಾಡುವುದು ಅವರ ದಿನನಿತ್ಯದ ಕೆಲಸವೇ ಆಗಿತ್ತು. ವೈಪರ್ ಹುಟ್ಟಿದ್ದೂ ಹೀಗೆಯೇ.

ನ್ಯೂಯಾರ್ಕ್‌ನ ಟ್ರಾಮ್

1902ರ ಚಳಿಗಾಲದಲ್ಲಿ ಮೇರಿ ನ್ಯೂಯಾರ್ಕ್‌ಗೆ ಹೋಗಿದ್ದರು. ಅಲ್ಲಿ ವಿದ್ಯುತ್ ಟ್ರಾಮ್ ಹತ್ತಿದಾಗ ಹೊರಗೆ ಹಿಮ ಬೆರೆತ ಮಳೆ ಸುರಿಯುತ್ತಿತ್ತು. ಅದು ಟ್ರಾಮಿನ ಮುಂದಿನ ಗಾಜಿಗೆ ಅಂಟಿಕೊಂಡು ಚಾಲಕನಿಗೆ ಏನೂ ಕಾಣದಂತೆ ಮಾಡುತ್ತಿತ್ತು. ಆ ಕಾಲದ ಟ್ರಾಮ್‌ಗಳ ಮುಂಭಾಗದಲ್ಲಿ ತೆರೆದು ಮುಚ್ಚುವಂಥ ಜೋಡಿ ಗಾಜುಗಳಿದ್ದವು. ಗಾಜು ಮಸುಕಾದರೆ ಅದನ್ನು ತೆರೆಯುವುದೇ ಪರಿಹಾರ. ಅಂದು ಚಾಲಕ ಮಾಡಿದ್ದೂ ಅದನ್ನೇ. ಹಾಗೆ ತೆರೆದರೆ ಚಾಲಕನ ಮುಖಕ್ಕೆ ಹಿಮ ರಾಚುತ್ತದೆ, ಒಳಗೆ ಕುಳಿತವರೆಲ್ಲ ಚಳಿಗೆ ನಡುಗುತ್ತಾರೆ. ತೆರೆಯದಿದ್ದರೆ ಆಗಾಗ ಟ್ರಾಮ್ ನಿಲ್ಲಿಸಿ, ಇಳಿದು, ಗಾಜು ಒರೆಸಬೇಕು.

ಚಾಲಕ ಒಳಗೇ ಕುಳಿತು, ಗಾಜನ್ನು ತೆರೆಯದೆ, ಅದರ ಹೊರಮೈಯನ್ನು ಒರೆಸುವಂತಿದ್ದರೆ? ಮೇರಿ ಊರಿಗೆ ಮರಳಿದ ಮೇಲೆ ವಿನ್ಯಾಸಕಾರರೊಬ್ಬರನ್ನು ಗೊತ್ತುಮಾಡಿ ಇದರ ನಕ್ಷೆ ಬರೆಸಿದರು. ಸ್ಥಳೀಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಾದರಿಯನ್ನೂ ತಯಾರು ಮಾಡಿಸಿದರು.

ನಂಬಿಕೆ 1: ಅದು ಕಾರುಗಳಿಗಾಗಿ ಮಾಡಿದ್ದು

1903ರ ಜೂನ್ 18ರಂದು ಮೇರಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಫೋರ್ಡ್ ಮೋಟಾರ್ ಕಂಪನಿ ನೋಂದಣಿಯಾದದ್ದು ಅದೇ ವರ್ಷದ ಜೂನ್ 16ರಂದು, ಅಂದರೆ ಕೇವಲ ಎರಡು ದಿನ ಮೊದಲು. ಆ ಕಂಪನಿ ಕಾರನ್ನು ಸಾಮಾನ್ಯರ ವಾಹನವನ್ನಾಗಿ ಮಾಡಿದ ಮಾಡೆಲ್ ಟಿ ಬರಲು ಇನ್ನೂ ಐದು ವರ್ಷ ಬಾಕಿ ಇತ್ತು. ಆಗಿನ ಎಷ್ಟೋ ಕಾರುಗಳಿಗೆ ಮುಂದಿನ ಗಾಜೇ ಇರಲಿಲ್ಲ. ಓಡಿಸುವವರು ಕನ್ನಡಕ, ಕೋಟು ಹಾಕಿಕೊಂಡು ಗಾಳಿಗೆ ಮುಖವೊಡ್ಡಿ ಕೂರುತ್ತಿದ್ದರು.

1903ರ ನವೆಂಬರ್ 10ರಂದು ಮೇರಿಗೆ ಅಮೆರಿಕದ 743801ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿತು. ಎಲೆಕ್ಟ್ರಿಕ್ ಕಾರುಗಳು ಮತ್ತು ಇತರ ವಾಹನಗಳ ಕಿಟಕಿಯಿಂದ ಹಿಮ, ಮಂಜುಗಡ್ಡೆ ತೆಗೆಯುವ ಸಾಧನಕ್ಕಾಗಿ ಈ ಪೇಟೆಂಟ್. ಎಲೆಕ್ಟ್ರಿಕ್ ಕಾರು ಎಂದಾಕ್ಷಣ ಇಂದು ನಮಗೆ ಬ್ಯಾಟರಿ ಕಾರು ನೆನಪಾಗುತ್ತದೆ. ಆದರೆ ಆ ಕಾಲದ ಅಮೆರಿಕದ ಇಂಗ್ಲಿಷಿನಲ್ಲಿ ಆ ಮಾತಿಗೆ ವಿದ್ಯುತ್ ಟ್ರಾಮ್ ಎಂದರ್ಥ. ಆದ್ದರಿಂದ ಈ ವೈಪರ್ ಮುಖ್ಯವಾಗಿ ಟ್ರಾಮ್‌ಗಾಗಿ ಹುಟ್ಟಿದ್ದು. ಕಾರಿಗೆ ಬಂದದ್ದು ಆಮೇಲೆ.

ಅದರೊಳಗೆ ಏನಿತ್ತು?

ಮೇರಿಯ ಸಾಧನ ತೀರಾ ಸರಳವಾಗಿತ್ತು. ಚಾಲಕನ ಕೈಗೆಟುಕುವಂತೆ ಒಳಗಡೆ ಒಂದು ಹಿಡಿಕೆ. ಅದಕ್ಕೆ ಸೇರಿಕೊಂಡು ಹೊರಗಡೆ ಒಂದು ತೋಳು. ತೋಳಿನ ಗಾಜಿನ ಕಡೆಗೆ ರಬ್ಬರ್. ಹಿಡಿಕೆಯನ್ನು ತಿರುಗಿಸಿದರೆ ತೋಳು ಗಾಜಿನ ಮೇಲೆ ಹಾದುಹೋಗಿ ಹಿಮವನ್ನೂ ನೀರನ್ನೂ ಬಳಿದುಹಾಕುತ್ತದೆ, ಬಿಟ್ಟರೆ ಮೊದಲಿದ್ದ ಜಾಗಕ್ಕೆ ಮರಳುತ್ತದೆ. ರಬ್ಬರ್ ಗಾಜಿಗೆ ಸರಿಯಾಗಿ ಒತ್ತಿಕೊಂಡಿರಲು ಸ್ಪ್ರಿಂಗಿನ ವ್ಯವಸ್ಥೆ. ಚಳಿಗಾಲ ಮುಗಿದ ಮೇಲೆ ಇಡೀ ಸಾಧನವನ್ನು ಬಿಚ್ಚಿ ಎತ್ತಿಡಬಹುದಾಗಿತ್ತು.

ಮೋಟಾರ್ ಇರಲಿಲ್ಲ. ಆದರೆ ಒಂದು ತೋಳು, ಒತ್ತಿ ಹಿಡಿಯುವ ಸ್ಪ್ರಿಂಗ್, ಗಾಜಿಗೆ ತಾಗುವ ರಬ್ಬರ್ ಎಂಬ ಮೂರು ಅಂಶಗಳು 120 ವರ್ಷಗಳ ನಂತರವೂ ನಮ್ಮ ಕಾರಿನಲ್ಲಿ ಹಾಗೆಯೇ ಇವೆ.

ನಂಬಿಕೆ 2: ಮೊಟ್ಟಮೊದಲ ವೈಪರ್ ಇವರದೇ

ಇದನ್ನು ಸ್ವಲ್ಪ ತಿದ್ದಿ ಹೇಳಬೇಕಾಗುತ್ತದೆ. ಕನೆಕ್ಟಿಕಟ್‌ನ ಜಾರ್ಜ್ ಕೇಪ್‌ವೆಲ್ ಎಂಬವರು 1896ರಲ್ಲೇ ರೈಲು ಎಂಜಿನ್ ಮತ್ತಿತರ ವಾಹನಗಳಿಗೆ ತಾನಾಗಿ ಕೆಲಸ ಮಾಡುವ ವೈಪರ್ ಒಂದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಮೇರಿ ಅರ್ಜಿ ಹಾಕುವ ಮೂರು ತಿಂಗಳ ಹಿಂದೆ, 1903ರ ಮಾರ್ಚ್‌ನಲ್ಲಿ, ರಾಬರ್ಟ್ ಡಗ್ಲಸ್ ಎಂಬವರು ರೈಲು ಎಂಜಿನ್ನಿನ ಕಿಟಕಿ ಒರೆಸುವ ಸಾಧನಕ್ಕೆ ಅರ್ಜಿ ಹಾಕಿದ್ದರು. ಅದೇ ವರ್ಷ ಬ್ರಿಟನ್‌ನಲ್ಲಿ ಜೇಮ್ಸ್ ಹೆನ್ರಿ ಆಪ್‌ಜಾನ್ ಎಂಬವರಿಗೆ, ಬ್ರಷ್‌ಗಳನ್ನು ಮೇಲೆ ಕೆಳಗೆ ಓಡಿಸಿ ಗಾಜು ಒರೆಸುವ ಸಾಧನಕ್ಕೆ ಪೇಟೆಂಟ್ ಸಿಕ್ಕಿತು.

ಹಾಗಾದರೆ ಮೇರಿಯ ಹೆಸರೇ ಯಾಕೆ ಉಳಿಯಿತು? ಒಂದೇ ತೊಂದರೆ ಹಲವರ ಕಣ್ಣಿಗೆ ಒಂದೇ ಸಮಯದಲ್ಲಿ ಬೀಳುವುದು ತಂತ್ರಜ್ಞಾನದ ಇತಿಹಾಸದಲ್ಲಿ ಸಾಮಾನ್ಯ ಸಂಗತಿ. ಅವುಗಳಲ್ಲಿ ಮುಂದೆ ಲೋಕವೆಲ್ಲ ಬಳಸಿದ ರೂಪಕ್ಕೆ ಯಾವುದು ಹತ್ತಿರವಾಗಿತ್ತು ಎಂಬುದು ಮುಖ್ಯ. ಬುಡದಲ್ಲಿ ತಿರುಗುವ ತೋಳು, ಸ್ಪ್ರಿಂಗಿನ ಒತ್ತಡ, ರಬ್ಬರ್ ಅಂಚು ಇವುಗಳನ್ನು ಒಟ್ಟುಗೂಡಿಸಿ, ಒಳಗಿನಿಂದಲೇ ನಡೆಸಬಹುದಾದ, ನಿಜಕ್ಕೂ ಕೆಲಸ ಮಾಡುವ ಸಾಧನವನ್ನು ಕೊಟ್ಟವರು ಮೇರಿ. ಏಕೈಕ ಸಂಶೋಧಕಿ ಎನ್ನುವ ಬದಲು, ಕೆಲಸಕ್ಕೆ ಬರುವ ವೈಪರಿನ ಮೊದಲ ಪೇಟೆಂಟ್‌ಗಳಲ್ಲಿ ಒಂದನ್ನು ಪಡೆದವರು ಎಂದರೆ ಹೆಚ್ಚು ಸರಿ. ಹೀಗೆ ಹೇಳಿದರೆ ಅವರ ಸಾಧನೆಯೇನೂ ಕುಗ್ಗುವುದಿಲ್ಲ.

ನಂಬಿಕೆ 3: ಕಾರು ಕಂಪನಿಗಳು ಕದ್ದವು

ಪೇಟೆಂಟ್ ಸಿಕ್ಕಿದ ಮೇಲೆ ಅದನ್ನು ಮಾರಲು ಮೇರಿ ಪ್ರಯತ್ನಿಸಿದರು. 1905ರಲ್ಲಿ ಕೆನಡಾದ ಹೆಸರಾಂತ ಸಂಸ್ಥೆಯೊಂದರ ಮೂಲಕ ಹಕ್ಕನ್ನು ಮಾರಲು ನೋಡಿದಾಗ, ಈ ಸಾಧನಕ್ಕೆ ಮಾರಾಟ ಮಾಡುವಷ್ಟು ವಾಣಿಜ್ಯ ಬೆಲೆ ಇಲ್ಲ ಎಂಬ ಉತ್ತರ ಬಂತು. ಅಷ್ಟಕ್ಕೆ ಆ ದಾರಿ ಮುಚ್ಚಿಹೋಯಿತು.

ಇಂದು ನಮಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ 1905ರಲ್ಲಿ ಕುಳಿತು ಯೋಚಿಸಿದರೆ ಲೆಕ್ಕ ಬೇರೆ. ಕಾರುಗಳು ಕಡಿಮೆ, ವೇಗ ಕಡಿಮೆ, ಗಾಜೇ ಅಪರೂಪ. ಚಾಲಕ ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ, ಕಣ್ಣೆದುರು ತೋಳು ಓಡಾಡುತ್ತಿದ್ದರೆ ಗಮನ ತಪ್ಪುವುದಿಲ್ಲವೇ ಎಂಬ ಅನುಮಾನವೂ ಆಗ ಇತ್ತು ಎನ್ನುತ್ತಾರೆ. ಬೇಕಾದ ವಸ್ತು ಬೇಕೆನಿಸುವ ಕಾಲಕ್ಕಿಂತ ಮೊದಲೇ ಬಂದಿತ್ತು.

ಇನ್ನೊಂದು ಸಂಗತಿಯೂ ಇದೆ. ಅಮೆರಿಕದಲ್ಲಿ ಮಹಿಳೆಯರಿಗೆ ದೇಶದಾದ್ಯಂತ ಮತದಾನದ ಹಕ್ಕನ್ನು ಸಂವಿಧಾನ ತಿದ್ದುಪಡಿಯ ಮೂಲಕ ಕೊಟ್ಟದ್ದು 1920ರಲ್ಲಿ. ಪೇಟೆಂಟ್ ಪಡೆಯುವಾಗ 37 ವರ್ಷದ ಮೇರಿಗೆ ಸ್ವಂತ ಕಟ್ಟಡವಿತ್ತು, ಪೇಟೆಂಟ್ ಇತ್ತು, ಓಟು ಮಾತ್ರ ಇರಲಿಲ್ಲ. ಕಂಪನಿಗಳ ಕೋಣೆಗಳಲ್ಲಿ ಗಂಡಸರೇ ತುಂಬಿದ್ದ ಕಾಲದಲ್ಲಿ, ದಕ್ಷಿಣದ ಒಂದು ಊರಿನಿಂದ ಪತ್ರ ಬರೆಯುತ್ತಿದ್ದ ಅವಿವಾಹಿತ ಮಹಿಳೆಯ ಮಾತಿಗೆ ಎಷ್ಟು ಬೆಲೆ ಸಿಕ್ಕೀತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಇದನ್ನು ಕಳ್ಳತನ ಎನ್ನಲು ಬರುವುದಿಲ್ಲ. ಅವರ ಐಡಿಯಾವನ್ನು ಯಾರೂ ಕೊಂಡುಕೊಳ್ಳಲಿಲ್ಲ ಎಂಬುದೇ ಸರಿ.

ನಂಬಿಕೆ 4: ನವೀಕರಿಸಲು ಮರೆತರು

ಇದು ಹೆಚ್ಚು ಜನ ನಂಬಿರುವ ತಪ್ಪು. ಪೇಟೆಂಟ್ ಎನ್ನುವುದು ಅಂಗಡಿಯ ಲೈಸೆನ್ಸ್ ಥರ ವರ್ಷ ವರ್ಷ ನವೀಕರಿಸಿ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳುವ ಹಕ್ಕಲ್ಲ. ಅಂದಿನ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟ ದಿನದಿಂದ 17 ವರ್ಷ ಅದರ ಆಯಸ್ಸು. ಅದು ಮುಗಿದರೆ ಆ ಜ್ಞಾನ ಎಲ್ಲರ ಸೊತ್ತು. ಸಂಶೋಧಕರು ತಮ್ಮ ಗುಟ್ಟನ್ನು ಬಹಿರಂಗಪಡಿಸಬೇಕು, ಅದಕ್ಕೆ ಬದಲಾಗಿ ಸರ್ಕಾರ ಕೆಲವು ವರ್ಷ ಅವರಿಗೆ ಮಾತ್ರ ಹಕ್ಕು ಕೊಡುತ್ತದೆ. ಪೇಟೆಂಟ್ ಎಂಬ ವ್ಯವಸ್ಥೆಯ ತಿರುಳೇ ಇದು.

1903ಕ್ಕೆ 17 ಸೇರಿಸಿದರೆ 1920. ಅವರ ಹಕ್ಕು ಮುಗಿದದ್ದು ಆ ವರ್ಷದ ನವೆಂಬರ್‌ನಲ್ಲಿ. ಅಮೆರಿಕದ ರಸ್ತೆಗಳಿಗೆ ಮುಚ್ಚಿದ ಕಾರುಗಳು ದಂಡಿಯಾಗಿ ಬರತೊಡಗಿದ್ದು ಆ ನಂತರದ ದಶಕದಲ್ಲಿ. 1922ರಲ್ಲಿ ಕ್ಯಾಡಿಲಾಕ್ ಕಂಪನಿ ತನ್ನ ಕಾರುಗಳಿಗೆಲ್ಲ ವೈಪರನ್ನು ಹೆಚ್ಚಿನ ಹಣವಿಲ್ಲದೆ ಅಳವಡಿಸತೊಡಗಿತು. ಎರಡೇ ವರ್ಷಗಳ ಅಂತರ. ಮೇರಿಗೆ ಒಂದು ಪೈಸೆಯೂ ಬರಲಿಲ್ಲ, ಆದರೆ ಅದಕ್ಕೆ ಮರೆವು ಕಾರಣವಲ್ಲ, ಕ್ಯಾಲೆಂಡರ್ ಕಾರಣ.

ಇದೇ ವೈಪರಿನ ಚರಿತ್ರೆಯಲ್ಲಿ ಉಲ್ಟಾ ಕಥೆಯೂ ಇದೆ. ಬಿಟ್ಟು ಬಿಟ್ಟು ಒರೆಸುವ ವೈಪರಿಗೆ 1960ರ ದಶಕದಲ್ಲಿ ಪೇಟೆಂಟ್ ಪಡೆದ ರಾಬರ್ಟ್ ಕರ್ನ್ಸ್, ತಮ್ಮ ಪೇಟೆಂಟನ್ನು ಬಳಸಿಕೊಂಡರೆಂದು ಫೋರ್ಡ್ ಮತ್ತು ಕ್ರೈಸ್ಲರ್ ಕಂಪನಿಗಳ ಮೇಲೆ ವರ್ಷಗಟ್ಟಲೆ ಮೊಕದ್ದಮೆ ನಡೆಸಿ ಕೋಟ್ಯಂತರ ಪರಿಹಾರ ಪಡೆದರು. ಕಂಪನಿಗಳು ಅದನ್ನು ಬಳಸತೊಡಗಿದಾಗ ಅವರ ಹಕ್ಕು ಇನ್ನೂ ಜೀವಂತವಾಗಿತ್ತು. ಹರಿದಾಡುವ ಕಥೆಯಲ್ಲಿ ಕಳ್ಳತನದ ಮಾತು ಸೇರಿಕೊಳ್ಳಲು ಈ ಎರಡು ಕಥೆಗಳು ಬೆರೆತದ್ದೂ ಕಾರಣವಿರಬಹುದು.

ಕೈಯಿಂದ ಮೋಟಾರಿಗೆ

ಮೇರಿಯ ನಂತರ ಹಲವರು ಈ ಸಾಧನವನ್ನು ಮುಂದೆ ಒಯ್ದರು. 1917ರಲ್ಲಿ ಷಾರ್ಲೆಟ್ ಬ್ರಿಜ್‌ವುಡ್ ಎಂಬ ಇನ್ನೊಬ್ಬ ಮಹಿಳೆ ವಿದ್ಯುತ್ತಿನಿಂದ ನಡೆಯುವ ವೈಪರಿಗೆ ಪೇಟೆಂಟ್ ಪಡೆದರು. ಅದರಲ್ಲಿ ಪಟ್ಟಿಯ ಬದಲು ಉರುಳೆಗಳಿದ್ದವು. ಅದೂ ಮಾರಾಟವಾಗಲಿಲ್ಲ. ಆಮೇಲೆ ಅಮೆರಿಕದಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದ ನಡೆಯುವ ವೈಪರ್‌ಗಳು ಬಂದವು. ಅವುಗಳಲ್ಲೊಂದು ದೊಡ್ಡ ದೋಷವಿತ್ತು. ಏರು ಹತ್ತುವಾಗ ಎಕ್ಸಿಲರೇಟರ್ ಒತ್ತಿದರೆ ನಿರ್ವಾತ ಕಡಿಮೆಯಾಗಿ ವೈಪರ್ ನಿಧಾನವಾಗುತ್ತಿತ್ತು, ಕೆಲವೊಮ್ಮೆ ನಿಂತೇಬಿಡುತ್ತಿತ್ತು. 1926ರಲ್ಲಿ ಜರ್ಮನಿಯ ಬಾಷ್ ಕಂಪನಿ ವಿದ್ಯುತ್ ಮೋಟಾರಿನ ವೈಪರನ್ನು ಮಾರುಕಟ್ಟೆಗೆ ತಂದಿತು. ಕೊನೆಗೆ ಎಲ್ಲೆಡೆ ಉಳಿದದ್ದು ವಿದ್ಯುತ್ ಮೋಟಾರೇ. ಭಾರತದಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು, ಬಸ್ಸು, ಲಾರಿಗಳ ಮುಂದಿನ ಗಾಜಿಗೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು.

ಮೇರಿ ಇದನ್ನೆಲ್ಲ ನೋಡುವಷ್ಟು ಕಾಲ ಬದುಕಿದ್ದರು. ಅವರು ಮದುವೆಯಾಗಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ತಮ್ಮ ಅಪಾರ್ಟ್‌ಮೆಂಟ್ ನೋಡಿಕೊಂಡೇ ಬದುಕು ಸಾಗಿಸಿದರು. 1953ರ ಜೂನ್ 27ರಂದು, 87ನೇ ವಯಸ್ಸಿನಲ್ಲಿ, ಟೆನೆಸ್ಸಿಯ ಮಾಂಟೀಗಲ್‌ನಲ್ಲಿದ್ದ ಬೇಸಿಗೆ ಮನೆಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ವೈಪರ್ ಇಲ್ಲದ ಕಾರನ್ನು ಯಾರೂ ಊಹಿಸಿಕೊಳ್ಳುವಂತಿರಲಿಲ್ಲ. ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿದ್ದು 2011ರಲ್ಲಿ, ಅಂದರೆ ಪೇಟೆಂಟ್ ಸಿಕ್ಕಿ 108 ವರ್ಷಗಳಾದ ಮೇಲೆ.

ಆ ರಬ್ಬರ್ ಪಟ್ಟಿ ನಮ್ಮ ಕಾರಿನಲ್ಲಿ ಏನು ಮಾಡುತ್ತಿದೆ?

ಮೇರಿಯ ಸಾಧನದಲ್ಲಿ ಗಾಜಿಗೆ ತಾಗುತ್ತಿದ್ದದ್ದು ರಬ್ಬರ್. ಇಂದೂ ಅಷ್ಟೇ. ಬ್ಲೇಡಿನ ತುದಿಯ ತೆಳುವಾದ ಅಂಚು ಮಾತ್ರ ಗಾಜನ್ನು ಮುಟ್ಟುತ್ತದೆ. ಅದು ಗಾಜಿನ ಮೇಲೆ ವಾಲಿಕೊಂಡು ಎಳೆದುಕೊಂಡು ಹೋಗುತ್ತದೆ, ದಿಕ್ಕು ಬದಲಾದಾಗಲೆಲ್ಲ ಇನ್ನೊಂದು ಕಡೆಗೆ ಮಗುಚುತ್ತದೆ. ಈ ಅಂಚು ಮೆತ್ತಗೆ, ನೇರವಾಗಿ ಇದ್ದರೆ ಮಾತ್ರ ಗಾಜು ಸ್ವಚ್ಛವಾಗುತ್ತದೆ.

ರಬ್ಬರಿನ ಶತ್ರುಗಳು ಬಿಸಿಲು, ಶಾಖ, ಗಾಳಿಯಲ್ಲಿರುವ ಓಝೋನ್ ಮತ್ತು ಧೂಳು. ಇವುಗಳಿಂದ ರಬ್ಬರ್ ಗಟ್ಟಿಯಾಗಿ, ಸಣ್ಣ ಬಿರುಕು ಬಿಡುತ್ತದೆ. ಆದ್ದರಿಂದ ಮಳೆಗಾಲವಿಡೀ ಓಡಿದ ಬ್ಲೇಡ್ ಮಾತ್ರವಲ್ಲ, ಬೇಸಿಗೆಯಿಡೀ ಸುಮ್ಮನೆ ನಿಂತಿದ್ದ ಬ್ಲೇಡ್ ಕೂಡ ಹಾಳಾಗುತ್ತದೆ. ಕಡಿಮೆ ಬಳಸಿದ್ದೇವೆ, ಇನ್ನೂ ಚೆನ್ನಾಗಿದೆ ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಬ್ಲೇಡ್ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ:

- ಗಾಜಿನ ಮೇಲೆ ತೆಳುವಾದ ನೀರಿನ ಗೆರೆ ಉಳಿದರೆ ಅಂಚಿನಲ್ಲಿ ಕೊಳೆ ಸೇರಿದೆ ಅಥವಾ ಅಲ್ಲಿ ಹರಿದಿದೆ. ಮೊದಲು ಒರೆಸಿ ನೋಡಿ, ಹೋಗದಿದ್ದರೆ ಬದಲಿಸಿ.
- ಅಗಲವಾದ ಪಟ್ಟೆ ಒರೆಸದೆ ಉಳಿದರೆ ಬ್ಲೇಡ್ ಆ ಜಾಗದಲ್ಲಿ ಗಾಜಿಗೆ ಒತ್ತಿಕೊಳ್ಳುತ್ತಿಲ್ಲ. ಚೌಕಟ್ಟು ಬಾಗಿರಬಹುದು ಅಥವಾ ತೋಳಿನ ಸ್ಪ್ರಿಂಗ್ ಸಡಿಲವಾಗಿರಬಹುದು.
- ಒಂದು ದಿಕ್ಕಿನಲ್ಲಿ ಚೆನ್ನಾಗಿ ಒರೆಸಿ ಇನ್ನೊಂದು ದಿಕ್ಕಿನಲ್ಲಿ ಮಸುಕು ಮಾಡಿದರೆ ರಬ್ಬರ್ ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದೆ.
- ಕಟಕಟ ಎಂದು ಕುಪ್ಪಳಿಸಿದರೆ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ಗಾಜಿನ ಮೇಲೆ ಪಾಲಿಶ್, ಮೇಣದ ಪದರವಿದೆ.

ಬ್ಲೇಡನ್ನು ಕಾಪಾಡಿಕೊಳ್ಳಲು ಹೆಚ್ಚೇನೂ ಬೇಕಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ರಬ್ಬರ್ ಅಂಚನ್ನು ಉದ್ದಕ್ಕೂ ಒರೆಸಿ. ಬಟ್ಟೆಗೆ ಕಪ್ಪು ಅಂಟಿದರೆ ಗಾಬರಿ ಬೇಡ. ಗಾಜನ್ನೂ ತೊಳೆಯಿರಿ, ಏಕೆಂದರೆ ಗಾಜಿನ ಮೇಲಿನ ಮರಳು ರಬ್ಬರಿನ ಅಂಚನ್ನು ಹರಿದು ಗಾಜನ್ನೂ ಗೀರುತ್ತದೆ. ಧೂಳು ಕುಳಿತ ಒಣ ಗಾಜಿನ ಮೇಲೆ ವೈಪರ್ ಓಡಿಸಬೇಡಿ, ಮೊದಲು ವಾಷರ್ ನೀರು ಚಿಮ್ಮಿಸಿ. ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸಿ. ಬಿಸಿಲಿನಲ್ಲಿ ತೋಳನ್ನು ಎತ್ತಿ ನಿಲ್ಲಿಸುವವರು ಹಲವರು. ಅದರಿಂದ ಕಾದ ಗಾಜಿಗೆ ರಬ್ಬರ್ ಒತ್ತಿಕೊಂಡಿರುವುದು ತಪ್ಪುತ್ತದೆಯೇ ಹೊರತು ಬಿಸಿಲು ತಪ್ಪುವುದಿಲ್ಲ.

ಕೆಲವು ಮನೆಮದ್ದುಗಳ ಬಗ್ಗೆಯೂ ಹೇಳಬೇಕು. ಗಟ್ಟಿಯಾದ ಬ್ಲೇಡಿಗೆ ಸೀಮೆಎಣ್ಣೆ, ಪೆಟ್ರೋಲ್ ಹಚ್ಚುವುದು ತಪ್ಪು. ಅವು ರಬ್ಬರನ್ನು ಊದಿಸಿ ಹಾಳುಮಾಡುತ್ತವೆ, ಗಾಜಿಗೂ ಎಣ್ಣೆಯ ಪದರ ಬಳಿಯುತ್ತವೆ. ಸ್ಯಾಂಡ್‌ಪೇಪರ್‌ನಿಂದ ಉಜ್ಜುವುದೂ ಬೇಡ. ಸಲೀಸಾಗಿ ಜಾರಲೆಂದು ರಬ್ಬರಿನ ಮೇಲ್ಮೈಗೆ ಕಾರ್ಖಾನೆಯಲ್ಲಿ ಕೊಟ್ಟಿರುವ ಸಂಸ್ಕರಣೆ ಅದರಿಂದ ಕಿತ್ತುಹೋಗುತ್ತದೆ. ಆಲೂಗಡ್ಡೆ ಹೋಳಿನಿಂದ ಗಾಜು ಉಜ್ಜಿದರೆ ಸ್ವಲ್ಪ ಹೊತ್ತು ನೀರು ಹನಿಯಾಗಿ ನಿಲ್ಲದೆ ಹರಡಿಕೊಂಡು ಹೋಗಬಹುದು. ವೈಪರ್ ಕೈಕೊಟ್ಟಾಗ ಹತ್ತಿರದ ಗ್ಯಾರೇಜ್ ಮುಟ್ಟಲು ಅದು ಸಾಕು, ಬ್ಲೇಡಿಗೆ ಬದಲಿ ಅಲ್ಲ.

ಬದಲಿಸುವುದು ಹೇಗೆ?

ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷದೊಳಗೆ ಬ್ಲೇಡ್ ಬದಲಿಸಬೇಕು. ನಮ್ಮಲ್ಲಿ ಅದಕ್ಕೆ ಸರಿಯಾದ ಕಾಲ ಮೇ ತಿಂಗಳ ಕೊನೆ, ಅಂದರೆ ಬೇಸಿಗೆಯ ಬಿಸಿಲು ಮುಗಿದು ಮುಂಗಾರು ಶುರುವಾಗುವ ಮುನ್ನ. ಚಾಲಕನ ಕಡೆಯ ಬ್ಲೇಡ್ ಮತ್ತು ಪಕ್ಕದ ಬ್ಲೇಡ್ ಎಷ್ಟೋ ಕಾರುಗಳಲ್ಲಿ ಬೇರೆ ಬೇರೆ ಉದ್ದದವು. ಎರಡನ್ನೂ ಅಳೆದು, ಅಥವಾ ಕಾರಿನ ಕೈಪಿಡಿ ನೋಡಿ, ಅದೇ ಅಳತೆಯದನ್ನು ಕೊಳ್ಳಿ. ಉದ್ದ ಹೆಚ್ಚಾದರೆ ಎರಡೂ ಒಂದಕ್ಕೊಂದು ತಾಗುತ್ತವೆ.

ತೋಳನ್ನು ಎತ್ತುವ ಮೊದಲು ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಬ್ಲೇಡ್ ಬಿಚ್ಚಿದ ಮೇಲೆ ಬರಿಯ ಲೋಹದ ತೋಳು ಕೈ ಜಾರಿ ಸ್ಪ್ರಿಂಗಿನ ಬಲದಿಂದ ಗಾಜಿಗೆ ಬಡಿದರೆ ಗಾಜು ಸೀಳಬಹುದು. ಹೆಚ್ಚಿನ ಕಾರುಗಳಲ್ಲಿ ತೋಳಿನ ತುದಿ ಕೊಕ್ಕೆಯ ಆಕಾರದಲ್ಲಿರುತ್ತದೆ. ಅಲ್ಲಿರುವ ಸಣ್ಣ ಲಾಕ್ ಒತ್ತಿ ಬ್ಲೇಡನ್ನು ತೋಳಿನ ಬುಡದ ಕಡೆಗೆ ಜಾರಿಸಿದರೆ ಅದು ಕಳಚಿಕೊಳ್ಳುತ್ತದೆ. ಹೊಸದನ್ನು ಅದೇ ಜಾಗದಲ್ಲಿಟ್ಟು ಟಕ್ ಎಂಬ ಸದ್ದು ಬರುವವರೆಗೆ ಎಳೆಯಿರಿ. ತೋಳನ್ನು ಕೈಯಲ್ಲಿ ಹಿಡಿದೇ ನಿಧಾನವಾಗಿ ಗಾಜಿಗೆ ಇಳಿಸಿ, ನೀರು ಚಿಮ್ಮಿಸಿ ಒಮ್ಮೆ ಓಡಿಸಿ ನೋಡಿ.

ರಾತ್ರಿ ಮಳೆಯಲ್ಲಿ ಎದುರು ವಾಹನದ ಬೆಳಕು ಮಸುಕಾದ ಗಾಜಿನ ಮೇಲೆ ಹರಡಿದಾಗ, ರಸ್ತೆ ದಾಟುತ್ತಿರುವ ವ್ಯಕ್ತಿ ಕಣ್ಣಿಗೆ ಕಾಣುವುದೇ ಇಲ್ಲ. ಮೇರಿ ಟ್ರಾಮಿನಲ್ಲಿ ಕಂಡ ತೊಂದರೆಯೂ ಇದೇ ಆಗಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ನಮ್ಮ ಕಾರಿನ ಮುಂದೆಯೇ ಇದೆ. ಅದರ ರಬ್ಬರ್ ಇನ್ನೂ ಮೆತ್ತಗಿದೆಯೇ ಎಂದು ಈ ವಾರ ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ.